ಗಟ್ಟಿ ಕುಕಿ, ಬೆತ್ತದ ಕುರ್ಚಿ

ಅಳತೆ ಕಪ್ಪು ಹುಡುಕುತ್ತ ಅಡುಗೆಮನೆಯ ಕೆಳಗಿನ ಖಾನೆಗೆ ಕೈ ಹಾಕಿದರೆ ಸಿಕ್ಕಿದ್ದು ಅಡಕೊತ್ತು. ನಮ್ಮ ಅತ್ತೆಯದು. ಹಿಡಿಕೆಯ ತುದಿಯಲ್ಲಿ ಒಂದು ಕಾಲಕ್ಕೆ ಗಿಳಿಯಿತ್ತು. ಈಗ ಸವೆದು ಸವೆದು ಅದು ಗಿಳಿಯೋ ಕೋಳಿಯೋ ಹೇಳುವ ಹಾಗಿಲ್ಲ. ಮೂಸಿ ನೋಡಿದೆ. ಚಾಕಲೇಟಿನ ಪರಿಮಳ ಘಮ್ಮೆಂದಿತು ಎಂದು ಬರೆದರೆ ನಿಮಗೂ ಹಿತ, ನನಗೂ ಹಿತ. ಆದರೆ ಸುಳ್ಳು ಯಾಕೆ, ಬಂದದ್ದು ತುಕ್ಕಿನ ವಾಸನೆ. ಅಡಿಕೆ ಕತ್ತರಿಸುವ ಸಾಮಾನಿಗೆ ಚಾಕಲೇಟಿನ ವಾಸನೆ ಯಾಕೆ ಬರಬೇಕಿತ್ತು ಎಂದು ನೀವು ಕೇಳುತ್ತೀರಿ. ಸ್ವಲ್ಪ ತಡೆಯಿರಿ, ಅದನ್ನೇ ಹೇಳಲು ಕೂತಿದ್ದೇನೆ.

ಅಳತೆ ಕಪ್ಪು ಬೇಕಾದದ್ದು ಮಗಳು ವೀಣಾಳ ದೆಸೆಯಿಂದ. ಅವಳಿರುವುದು ಇದೇ ಊರಿನ ಪಡುವಣ ತುದಿಯಲ್ಲಿ, ಲಿಫ್ಟಿನಲ್ಲಿ ಹೋದರೆ ಕಿವಿ ಗುಂಯ್ ಎನ್ನುವಷ್ಟು ಎತ್ತರದ ಫ್ಲಾಟಿನಲ್ಲಿ. ಬೆಳಿಗ್ಗೆ ಫೋನಿನಲ್ಲಿ ಅವಳ ದನಿಯ ಮೆಸೇಜು ಬಂದು ಕೂತಿತ್ತು: "ಅಮ್ಮಾ, ನಾಳೆ ಸಂಜಿ ನಾಲ್ಕಕ್ಕ ಆಫೀಸಿನವರು ಮನಿಗೆ ಬರಾಕತ್ತಾರ. ನಿನ್ನ ಚಾಕಲೇಟ್ ಚಿಪ್ ಕುಕಿ ಮಾಡ್ಕೊಂಡು ಬಾ. ಆದ್ರ ಈ ಸಲ ಮೆತ್ತಗಿರಲಿ, ನಿನ್ನವು ಭಾಳ ಗಟ್ಟಿ ಇರತಾವ. ಮತ್ತ ಪ್ಲೀಸ್, ಎಲ್ಲಾರ ಮುಂದ ಚಹಾದಾಗ ಅದ್ದಿ ತಿನ್ನಬ್ಯಾಡ. ಅದ್ದಬೇಕಂದ್ರ ಹೇಳು, ಒಳಗ ಕೊಡತೀನಿ."

ಕೇಳಿಸಿಕೊಂಡಾಗ ನಾನು ದೊಡ್ಡ ಮನಸ್ಸಿನವಳಂತೆ ಹೂಂ ಎಂದುಕೊಂಡೆ. ಮಕ್ಕಳಿಗೆ ಅವರದೇ ಮರ್ಯಾದೆ ಇರುತ್ತದೆ, ಇರಲಿ. ಬೆಣ್ಣೆ ಹೊರಗಿಟ್ಟೆ, ಮೆತ್ತಗಾಗಲಿ ಎಂದು. ಮಗಳೇ ಕೊಡಿಸಿದ ಹೊಸ ಓವನ್ನಿನ ಧೂಳು ಒರೆಸಿದೆ. ಹಿಂದೆಂದೂ ಬಳಸದ ಅಳತೆ ಕಪ್ಪನ್ನೂ ಹುಡುಕಹೊರಟೆ ಎಂದರೆ ನನ್ನ ವಿಧೇಯತೆಯನ್ನು ನೀವೇ ಲೆಕ್ಕ ಹಾಕಿ. ಅಷ್ಟರಲ್ಲಿ ಈ ಅಡಕೊತ್ತು ಕೈಗೆ ಬಂತು. ಬಂದದ್ದೇ ತಡ, ಅವಳ ಮಾತಿನ ಕೊನೆಯ ತುಂಡು ಕಿವಿಯಲ್ಲಿ ಮತ್ತೆ ಕೇಳಿಸಿತು. ಒಳಗ ಕೊಡತೀನಿ. ಅಬ್ಬಾ! ಈ ಮಾತು ಇದೇ ಮನೆಯಲ್ಲಿ ಹಿಂದೊಮ್ಮೆ ಆಡಿದ್ದಾಗಿದೆ, ಆಗಲೂ ನನಗೆ ಇಷ್ಟೇ ಸಿಟ್ಟು ಬಂದಿತ್ತು.

ನಮ್ಮದು ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಹಳೆಯ ಮನೆ. ಅತ್ತೆ ಸೇಡಂ ಕಡೆಯವರು. ಮಾವ ತೀರಿದ ಮೇಲೆ ನಮ್ಮ ಹತ್ತಿರ ಬಂದವರು, ಬಂದ ದಿನವೇ ಹೊರಗಿನ ಮನೆಯಲ್ಲಿ, ಅಂದರೆ ಈಗಿನವರು ಹಾಲ್ ಅನ್ನುತ್ತಾರಲ್ಲ ಅಲ್ಲಿ, ಕಿಟಕಿಯ ಬದಿಗೆ ತಮ್ಮ ಬೆತ್ತದ ಕುರ್ಚಿ ಹಾಕಿಸಿಕೊಂಡರು. ಬಾಯಲ್ಲಿ ಒಂದು ಹಲ್ಲು ಉಳಿದಿರಲಿಲ್ಲ. ನಮ್ಮವರು ಖರ್ಚು ಮಾಡಿ ಹಲ್ಲಿನ ಸೆಟ್ಟು ಮಾಡಿಸಿದ್ದರು. ಅದು ಒಂದು ಗ್ಲಾಸಿನಲ್ಲಿ ನೀರು ಕುಡಿಯುತ್ತ ಕೂತಿರುತ್ತಿತ್ತು. ಹಾಕಿಕೊಳ್ಳಿ ಎಂದರೆ, "ಮಂದಿ ಹಲ್ಲು ನಾ ಯಾಕ ಹಾಕ್ಕೊಳ್ಳಲಿ? ನನ್ನವು ನಾನ ತಿಂದು ಮುಗಿಸೀನಿ" ಎನ್ನುವರು. ಹಲ್ಲು ಹೋದ ಮೇಲೆ ಅಡಿಕೆಯೂ ಹೋಯಿತು, ಅಡಕೊತ್ತು ಸೊಂಟದ ಸಂಚಿಯಲ್ಲಿ ಸುಮ್ಮನೆ ಉಳಿಯಿತು. ಇಡೀ ದಿನದಲ್ಲಿ ಅವರ ಬಾಯಿಗೆ ಉಳಿದಿದ್ದ ಸುಖ ಒಂದೇ, ಸಂಜೆ ನಾಲ್ಕರ ಚಹಾ ಮತ್ತು ಅದರಲ್ಲಿ ಅದ್ದಿದ ಏನಾದರೊಂದು. ಟೋಸ್ಟ್, ಶಂಕರಪಾಳಿ, ಕಟಕ್ ರೊಟ್ಟಿ, ಯಾವುದಕ್ಕೂ ಭೇದವಿಲ್ಲ. ಒಮ್ಮೆ ಚಕ್ಕುಲಿಯನ್ನೂ ಅದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅದ್ದುವುದನ್ನು ನೀವು ಸಣ್ಣ ವಿದ್ಯೆ ಅಂದುಕೊಳ್ಳಬೇಡಿ. ಬೇಗ ತೆಗೆದರೆ ಒಣಕಲು, ತಡ ಮಾಡಿದರೆ ಅರ್ಧ ಬಿಸ್ಕೀಟು ಕಪ್ಪಿನ ತಳಕ್ಕೆ. ಅತ್ತೆ ಎಣಿಸುತ್ತಿರಲಿಲ್ಲ. ಕಪ್ಪಿನೊಳಗೆ ಬಗ್ಗಿ ನೋಡುತ್ತಿದ್ದರು. ಅದ್ದಿದೊಡನೆ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ, "ಗುಳ್ಳಿ ನಿಂತ್ವು ಅಂದ್ರ ಹೊಟ್ಟಿ ತುಂಬ್ತು ಅಂತ ತಿಳಿ. ತೆಗಿ" ಎಂದು ಮೊಮ್ಮಗಳಿಗೆ ಪಾಠ ಹೇಳುತ್ತಿದ್ದರು. ಆಮೇಲೆ ಸುರ್ರ್ ಎಂದು ಒಂದು ಸದ್ದು. ಆ ಸದ್ದಿನಲ್ಲೇ ನಮ್ಮವರಿಗೆ ತಕರಾರು.

ತಮಾಷೆ ನೋಡಿ, ಇದು ಹೈದರಾಬಾದು. ಇಲ್ಲಿ ಅದ್ದದವರು ಯಾರಿದ್ದಾರೆ? ಅಬಿಡ್ಸಿನ ಇರಾನಿ ಹೋಟೆಲುಗಳಲ್ಲಿ ವಕೀಲರು, ಆಟೋದವರು, ಪುಸ್ತಕದ ಅಂಗಡಿಯವರು, ಎಲ್ಲ ಒಂದೇ ಕಲ್ಲಿನ ಮೇಜಿಗೆ ಮೊಣಕೈ ಊರಿ ಬಿಸ್ಕೀಟು ಅದ್ದುತ್ತಾರೆ. ಸಾಸರಿಗೆ ಸುರಿದುಕೊಂಡು ಹೀರುತ್ತಾರೆ ಕೂಡ. ನಮ್ಮವರೂ ಅಲ್ಲಿ ಅದ್ದುವವರೇ, ಮದುವೆಯಾದ ಹೊಸತರಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ದು ಅದ್ದಿ ತೋರಿಸಿದವರೇ. ಆದರೆ ಅದೇ ಕೆಲಸ ತಾಯಿ ಮನೆಯಲ್ಲಿ ಮಾಡಿದರೆ ಮುಖ ಹುಳ್ಳಗೆ. "ಹೋಟೆಲ್ನಾಗ ಅದ್ದಿದ್ರ ಶೋಕಿ, ಮನ್ಯಾಗ ಅದ್ದಿದ್ರ ನಾಚಿಕಿ ಏನ್ರಿ?" ಎಂದು ಒಮ್ಮೆ ಕೇಳಿದೆ. ಅವರ ಮುಖದ ಮುಂದೆ ಪೇಪರು ಮೇಲೆದ್ದಿತು. ಗಂಡಸರಿಗೆ ಪೇಪರು ಒಂದು ಒಳ್ಳೆಯ ಗುರಾಣಿ.

ಆಗ ನಮ್ಮವರು ಬಾಲಾನಗರದ ಒಂದು ಕಾರ್ಖಾನೆಯಲ್ಲಿದ್ದರು. ಬಡ್ತಿ ಸಿಕ್ಕು ಒಂದು ಮೇಜು, ಒಂದು ಫ್ಯಾನು, ಒಂದಿಷ್ಟು ಗತ್ತು ಹೆಚ್ಚಾಗಿತ್ತು. ಅವರ ದೊಡ್ಡ ಸಾಹೇಬರು ಹೆಂಡತಿಯೊಡನೆ ಚಹಾಕ್ಕೆ ಬರುವುದೆಂದಾಯಿತು. ಆ ದಿನ ಮಧ್ಯಾಹ್ನ ನಮ್ಮವರು ಬೆತ್ತದ ಕುರ್ಚಿಯನ್ನು ಎತ್ತಿ ಒಳಕೋಣೆಯಲ್ಲಿಟ್ಟರು. ಹೊಸ ಸೋಫಾದ ಪಕ್ಕ ಅದು ಹೊಂದುವುದಿಲ್ಲವಂತೆ. ಆಮೇಲೆ ಅಡುಗೆಮನೆಗೆ ಬಂದು ದನಿ ತಗ್ಗಿಸಿ, "ಅವ್ವಗ ಇವತ್ತ ಒಳಗ ಕೊಡು" ಎಂದರು.

ಸಾಹೇಬರು ಬಂದರು, ಕೂತರು. ಅವರ ಹೆಂಡತಿ ಉಪಚಾರಕ್ಕೆ ಅತ್ತೆಯನ್ನು ವಿಚಾರಿಸುತ್ತ, "ಮಾಜೀ ನಹೀಂ ಹೈಂ ಕ್ಯಾ?" ಎಂದು ಕೇಳಿದರು. ನಮ್ಮವರು ಕಣ್ಣು ಮಿಟುಕಿಸದೆ, "ಸೋ ರಹೀ ಹೈಂ, ಮೇಡಂ" ಎಂದರು. ಅವ್ವ ಮಲಗಿದ್ದಾರಂತೆ! ಅತ್ತೆ ಅಡುಗೆಮನೆಯ ಮಣೆಯ ಮೇಲೆ, ನನ್ನ ಕಾಲ ಬಳಿ, ಕಣ್ಣು ಬಿಟ್ಟುಕೊಂಡು ಕೂತಿದ್ದರು. ಕೈಯಲ್ಲಿ ಕಪ್ಪು, ಇನ್ನೊಂದು ಕೈಯಲ್ಲಿ ಟೋಸ್ಟು. ಅದ್ದಲಿಲ್ಲ. ಎರಡನ್ನೂ ನೆಲದ ಮೇಲಿಟ್ಟು ಮೆಲ್ಲಗೆ, "ಎದ್ದು ಕೂತಾಕಿನ್ನ ಮಲಗಿಸಿಬಿಟ್ಟ ನೋಡು" ಎಂದರು. ಇವರು ಎದ್ದೇ ಇದ್ದಾರೆ ಎಂದು ಕೂಗಿಬಿಡಬೇಕೆನ್ನಿಸಿತು. ಆದರೆ ಕೈಯಲ್ಲಿ ಟ್ರೇ ಇತ್ತು, ಹೊರಗೆ ಹೋಗಿ ನಗಬೇಕಿತ್ತು. ಹೋಗಿ ನಕ್ಕೆ.

ಮರುದಿನ ನಾಲ್ಕಕ್ಕೆ ಚಹಾ ಒಯ್ದರೆ ಅತ್ತೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. "ಏಳ್ರಿ ಅತ್ತಿ, ಚಹಾ." "ಮಲಗಿದಾಕಿಗೆ ಎಂಥಾ ಚಹಾ? ಒಯ್ಯಿ." ಅದರ ಮರುದಿನವೂ ಅದೇ ಮಾತು. ಊಟ ಬಿಡಲಿಲ್ಲ, ಜಗಳ ಆಡಲಿಲ್ಲ, ಅತ್ತು ರಂಪ ಮಾಡಲಿಲ್ಲ. ನಾಲ್ಕು ಗಂಟೆಗೆ ಸರಿಯಾಗಿ ಮಲಗುವರು, ಚಹಾದ ಹೊತ್ತು ಮುಗಿದ ಮೇಲೆ ಏಳುವರು. ನಮ್ಮವರು ಹೋಗಿ, "ಅವ್ವಾ, ಅದೇನು ಹಟ" ಎಂದರೆ, "ನೀನ ಹೇಳೀಯಲ್ಲಪ್ಪಾ, ಮಲಗ್ಯಾಳಂತ. ಮಗ ಸುಳ್ಳ ಆಗಬಾರದು" ಎಂದುಬಿಟ್ಟರು. ಕುರ್ಚಿ ತಂದು ಹೊರಗೆ ಹಾಕಲು ನಮ್ಮವರಿಗೆ ಬಿಗುಮಾನ, ಹಾಕದೆ ಕೂರಲು ಅತ್ತೆಗೆ ಅಭಿಮಾನ. ನಡುವೆ ನಾನು ಅಡಕೊತ್ತಿನಲ್ಲಿ ಸಿಕ್ಕ ಅಡಿಕೆ. ವಾರಗಳು ಹೀಗೇ ಹೋದವು. ಆ ಮುದುಕಿ ಮತ್ತೆ ಹೊರಗಿನ ಮನೆಯಲ್ಲಿ ಕೂತು ಚಹಾ ಕುಡಿಯಬೇಕು, ಅಷ್ಟಾಗದಿದ್ದರೆ ಈ ಮನೆಯಲ್ಲಿ ನಾನು ಸೊಸೆಯಾಗಿ ಬಂದದ್ದೇ ದಂಡ ಎಂದು ನನಗೆ ಅನ್ನಿಸತೊಡಗಿತು.

ಈ ಹೊತ್ತಿನಲ್ಲೇ ಹೈಸ್ಕೂಲಿನಲ್ಲಿದ್ದ ವೀಣಾ ಗೆಳತಿಯ ಮನೆಯಲ್ಲಿ ಚಾಕಲೇಟ್ ಚಿಪ್ ಕುಕಿ ತಿಂದು ಬಂದಳು. ಬಂದವಳು ಅದರ ವರ್ಣನೆಯನ್ನೇ ಉಸಿರಾಡಿದಳು. ಅಜ್ಜಿ ಹಾಸಿಗೆಯ ಮೇಲಿಂದಲೇ ಕಿವಿ ನಿಮಿರಿಸಿ, "ಅದ್ದಾಕ ಬರತೈತೇನ ಅದು?" ಎಂದು ಕೇಳಿದ್ದನ್ನು ನಾನು ಗಮನಿಸಿದೆ. ಬಲೆ ಬೀಸಲು ಅಷ್ಟು ಸಾಕಾಯಿತು. ಮಾಡುವ ಬಗೆ ನಮಗಾರಿಗೂ ಗೊತ್ತಿಲ್ಲ. ವೀಣಾ ತನ್ನ ನಾಲಿಗೆಯ ನೆನಪಿನಿಂದ ಹೇಳಿದಳು: "ಬಿಸ್ಕೀಟಿನಂಗ ಇತ್ತಮ್ಮಾ, ನಡುನಡುವ ಚಾಕಲೇಟ್ ಚೂರು." ಇಷ್ಟೇ ತಾನೆ ಎಂದುಕೊಂಡೆ. ಶಂಕರಪಾಳಿ ಮಾಡುವವಳಿಗೆ ಇದ್ಯಾವ ಬ್ರಹ್ಮವಿದ್ಯೆ?

ನಮ್ಮ ಕಡೆ ಇಂಥ ಹಿಟ್ಟಿಗೆ ತುಪ್ಪವನ್ನು ಹೊಗೆಯಾಡುವ ಹಾಗೆ ಕಾಯಿಸಿ ಚುರ್ ಎಂದು ಸುರಿಯುವುದು ಪದ್ಧತಿ. ಇಲ್ಲದಿದ್ದರೆ ಕರುಕುರು ಬರುವುದಿಲ್ಲ. ನಾನೂ ಹಿಟ್ಟು, ಸಕ್ಕರೆ ಪುಡಿ, ಚಿರೋಟಿ ರವೆ, ಚಾಕಲೇಟ್ ಚೂರು ಎಲ್ಲ ಅಗಲದ ಪರಾತದಲ್ಲಿ ಕೂಡಿಸಿ, ಶಾಸ್ತ್ರೋಕ್ತವಾಗಿ ಕಾದ ತುಪ್ಪ ಸುರಿದೆ. ಚುರ್ ಎಂದಿತು ನಿಜ. ಚೂರು ಮಾತ್ರ ಒಂದೂ ಉಳಿಯಲಿಲ್ಲ. ಇಡೀ ಪರಾತ ಕೆಸರಾಗಿ ಹೋಯಿತು. ಅತ್ತೆ ಬಾಗಿಲಲ್ಲಿ ನಿಂತು ಬಗ್ಗಿ ನೋಡಿ, "ಇದೇನ, ಅಂಗಳಾ ಸಾರಸಾಕ ಕಲಸಿಯೇನು?" ಎಂದರು. ವೀಣಾ ಬಿದ್ದು ಬಿದ್ದು ನಕ್ಕಳು. ಅಷ್ಟು ದಿನಗಳ ಮೇಲೆ ಅತ್ತೆ ನಾಲ್ಕು ಗಂಟೆಗೆ ಎದ್ದು ಓಡಾಡಿದ್ದು ಅದೇ ಮೊದಲು.

ಎರಡನೆಯ ಸಲ ಚಾಕಲೇಟಿನ ಗಟ್ಟಿಯನ್ನು ಚಾಕುವಿನಿಂದ ಕೊಚ್ಚಲು ಹೋದೆ. ಅರ್ಧ ಪುಡಿ, ಅರ್ಧ ನೆಲಕ್ಕೆ. ಅತ್ತೆಗೆ ತಡೆಯಲಾಗಲಿಲ್ಲ. "ಸರಿ ಆಕಡೆ" ಎಂದು ಸಂಚಿಯಿಂದ ಅಡಕೊತ್ತು ತೆಗೆದರು, ಸೆರಗಿನಲ್ಲಿ ಒರೆಸಿದರು, ಮಣೆಯ ಮೇಲೆ ಕೂತರು. ಕಟ್, ಕಟ್, ಕಟ್. ಒಂದೇ ಅಳತೆಯ ಚೂರುಗಳು ತಟ್ಟೆಗೆ ಬಿದ್ದವು. ಎಷ್ಟೋ ವರ್ಷಗಳಿಂದ ಕೆಲಸವಿಲ್ಲದೆ ಕೂತ ಕೈ ಅದು, ಮರೆತಿರಲೇ ಇಲ್ಲ. ನಡುವೆ ಒಂದು ಚೂರನ್ನು ಅಡಿಕೆಯಂತೆ ದವಡೆಯ ಬದಿಗಿಟ್ಟುಕೊಂಡು, "ಅಡಕಿಗಿಂತ ವಾಸಿ ಬಿಡು, ತಾನ ಕರಗತೈತಿ" ಎಂದರು. ನಾನು ಹಿಟ್ಟಿಗೆ ಕಾದ ತುಪ್ಪ ಹಾಕಿ, ಆರಿದ ಮೇಲೆ ಚೂರು ಸೇರಿಸಿ, ರೊಟ್ಟಿ ಹಿಟ್ಟಿನಂತೆ ಅಂಗೈಯಿಂದ ಚೆನ್ನಾಗಿ ನಾದಿದೆ. ಕುಕಿ ಹಿಟ್ಟನ್ನು ನಾದಬಾರದೆಂದು ಆಮೇಲೆ ಯಾರೋ ಹೇಳಿದರು. ಹೇಳಲಿ. ಓವನ್ ಎಲ್ಲಿಂದ ಬರಬೇಕು? ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸೀಟಿ, ರಬ್ಬರು ತೆಗೆದು, ಒಳಗೆ ತಟ್ಟೆಯಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿದೆ. ಕಾದ ಉಪ್ಪು, ತುಪ್ಪ, ಚಾಕಲೇಟು ಮೂರೂ ಕೂಡಿದ ಆ ವಾಸನೆ ಓಣಿಯ ತುದಿಯವರೆಗೆ ಹೋಗಿ, ಪಕ್ಕದ ಮನೆಯಾಕೆ ಬಂದು "ಏಮಿಟಂಡೀ ಚೇಸ್ತುನ್ನಾರು?" ಎಂದು, ಏನು ಮಾಡುತ್ತಿದ್ದೀರೆಂದು ತೆಲುಗಿನಲ್ಲಿ ಕೇಳುವಂತಾಯಿತು.

ಬಂದದ್ದು ಕಲ್ಲು. ಮುಚ್ಚುಮರೆ ಬೇಡ, ಕಲ್ಲೇ. ನಮ್ಮವರು ಒಂದು ಕಚ್ಚಿ, ದವಡೆ ಹಿಡಿದುಕೊಂಡು, "ಇದನ್ನ ನಮ್ಮ ಕಾರ್ಖಾನಿಗೆ ಒಯ್ದು ಟೆಸ್ಟ್ ಮಾಡಸತೀನಿ" ಎಂದರು. ಅತ್ತೆ ಕುಕಿಯನ್ನು ತಿರುವಿ ಮುರುವಿ ನೋಡಿದರು. ಚಹಾ ತಾ ಎನ್ನುವಂತೆ ಬರಿ ಕೈ ಚಾಚಿದರು. ಕೊಟ್ಟೆ. ಅದ್ದಿದರು. ಗುಳ್ಳೆ ಎದ್ದವು, ಎದ್ದವು, ನಿಧಾನಕ್ಕೆ ನಿಂತವು. ಮೇಲೆತ್ತಿದರೆ ಒಂದು ಚೂರೂ ಕಳಚಿರಲಿಲ್ಲ. ಹೊರಗೆ ನೆನೆದು, ಒಳಗೆ ಚಾಕಲೇಟು ಕರಗಿ, ಹಲ್ಲಿಲ್ಲದ ಬಾಯಿಗೆ ಹೇಳಿ ಮಾಡಿಸಿದಂತೆ. ಆದರೆ ಬಾಯಿಗೆ ಹತ್ತಿರ ತಂದವರು ತಡೆದರು. ಮತ್ತೆ ತಟ್ಟೆಯಲ್ಲಿಟ್ಟರು. "ಇದು ನಿಂತು ತಿನ್ನೂ ತಿನಿಸಲ್ಲ. ಹೊರಗ ಕುರ್ಚಿ ಮ್ಯಾಲ ಕೂತು ತಿನ್ನೂದು. ಡಬ್ಬ್ಯಾಗ ಹಾಕಿಡು" ಎಂದು ಒಳಗೆ ಹೋದರು. ನನಗೆ ಅಲ್ಲೇ ಕೂತು ಅಳಬೇಕೆನ್ನಿಸಿತು. ಸ್ವಲ್ಪ ಅತ್ತಿದ್ದೂ ನಿಜ.

ಆ ವಾರದ ಭಾನುವಾರವೇ ಸಾಹೇಬರು ಹೆಂಡತಿಯೊಡನೆ ಮತ್ತೆ ಬಂದರು, ಮಗನ ಮದುವೆಗೆ ಕರೆಯಲು. ಅವರು ಬರುತ್ತಾರೆಂದು ಗೊತ್ತಾದೊಡನೆ ನಾನು ಬೆತ್ತದ ಕುರ್ಚಿಯನ್ನು ಎಳೆದು ತಂದು ಕಿಟಕಿಯ ಬದಿಗೆ, ಅದರ ಹಳೆಯ ಜಾಗದಲ್ಲಿ ಹಾಕಿದೆ. ನಮ್ಮವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದು ನೋಡಿದರು.

"ಇದನ್ನ ಯಾರು ಇಟ್ರು ಇಲ್ಲಿ?"

"ನಾ ಇಟ್ಟೆ."

"ಒಳಗ ಇಡು."

"ಇಡೂದಿಲ್ರಿ."

ಸಂಸಾರದಲ್ಲಿ ಅಷ್ಟು ಚಿಕ್ಕದಾಗಿ, ಅಷ್ಟು ನೇರವಾಗಿ ನಾನು ಅದಕ್ಕೂ ಮೊದಲು ಮಾತಾಡಿದ್ದಿಲ್ಲ. ಅವರು ಬಾಯಿ ತೆರೆಯುವಷ್ಟರಲ್ಲಿ ಕರೆಗಂಟೆಯ ಸದ್ದಾಯಿತು. ಸಾಹೇಬರು ಸೋಫಾದಲ್ಲಿ ಕೂತರು. ಒಳಗಿನಿಂದ ಅತ್ತೆ ಬಂದರು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಒಂದೂ ಹಲ್ಲಿಲ್ಲ. ಸೆಟ್ಟು ಗ್ಲಾಸಿನಲ್ಲೇ ಇತ್ತು. ಕುರ್ಚಿಯಲ್ಲಿ ಸರಿಯಾಗಿ ಕೂತು, ಸಾಹೇಬರ ಹೆಂಡತಿಯ ಮುಖ ನೋಡಿ, ಈ ಊರಿನ ದಖನಿಯಲ್ಲಿ ಹೇಳಿದರು: "ಉಸ್ ದಿನ್ ಮೈಂ ಸೋ ರೈ ಥೀ ಕತೆ. ಆಜ್ ಉಠ್ ಗಯೀ." ಆವತ್ತು ನಾನು ಮಲಗಿದ್ದೆನಂತೆ, ಇವತ್ತು ಎದ್ದಿದ್ದೇನೆ. ನಮ್ಮವರು ಹಾಕಿದ್ದ ಅಂಗಿಯ ಗುಂಡಿಯನ್ನೇ ಮತ್ತೆ ಹಾಕತೊಡಗಿದರು.

ಚಹಾ, ಕುಕಿ ತಂದಿಟ್ಟೆ. ಸಾಹೇಬರ ಹೆಂಡತಿ ಒಂದು ಕಚ್ಚಿದರು, ಟಕ್ ಎಂದಿತು, ಮೆಲ್ಲಗೆ ತಟ್ಟೆಗೆ ಮರಳಿಸಿದರು. ಅತ್ತೆ, "ಡುಬಾಕೋ ಖಾವ್ ಅಮ್ಮಾ" ಎಂದು ತಮ್ಮದನ್ನು ಅದ್ದಿ ತೋರಿಸಿ, ಗುಳ್ಳೆ ನಿಲ್ಲುವವರೆಗೆ ಕಾದು, ಸುರ್ರ್ ಎಂದು ತಿಂದರು. ಸಾಹೇಬರು ಕಿಟಕಿಯ ಆಚೆ ನೋಡಿದರು. ಆಕೆ "ನೋ, ಥ್ಯಾಂಕ್ಸ್" ಎಂದರು. ಎಲ್ಲರೂ ಮನಸ್ಸು ಕರಗಿ ಅದ್ದತೊಡಗಿದರು ಎಂದು ನೀವು ಕಾಯುತ್ತಿದ್ದರೆ ಕ್ಷಮಿಸಿ, ಹಾಗೇನೂ ಆಗಲಿಲ್ಲ. ನಾನು ಸ್ಟೂಲು ಎಳೆದುಕೊಂಡು ಅತ್ತೆಯ ಪಕ್ಕ ಕೂತು ಅದ್ದಿದೆ. ವೀಣಾ ಓಡಿ ಬಂದು ಅಜ್ಜಿಯ ಕಾಲ ಬಳಿ ಕೂತು ಅದ್ದಿದಳು. ಮೂವರೂ ಬೇಕೆಂದೇ ಸದ್ದು ಮಾಡಿದೆವು. ಅವರು ಬೇಗನೆ ಎದ್ದು ಹೋದರು.

ಬಾಗಿಲು ಹಾಕಿದ್ದೇ ನಮ್ಮವರು ಸಿಡಿದರು. "ಅವ್ವಾ, ನನ್ನ ಮಾನ ತೆಗದಿ! ನಾಳೆ ನಾ ಹ್ಯಾಂಗ ಮುಖಾ ತೋರಸಲಿ ಅವರಿಗೆ?"

ಅತ್ತೆ ಕಪ್ಪು ಕೆಳಗಿಡಲಿಲ್ಲ. "ನಿನಗ ಹಲ್ಲು ಬರೂಕಿಂತ ಮೊದಲ ಹಾಲಿನಾಗ ಬಿಸ್ಕೀಟು ಅದ್ದಿ ಅದ್ದಿ ಬಾಯಾಗ ಇಟ್ಟಾಕಿ ನಾನ. ನೀ ಸುರ್ರ್ ಅಂತಿದ್ದಿ, ಮೈಮ್ಯಾಲೆಲ್ಲಾ ಸುರಿಸ್ಕೋತಿದ್ದಿ. ಬಂದವರ ಮುಂದನ ತಿನ್ನಸತಿದ್ದೆ. ಒಂದ ದಿನ ನಿನ್ನ ಒಳಗ ಕೂಡಸಲಿಲ್ಲೋ ನಾ."

ನಮ್ಮವರು ನಿಂತೇ ಇದ್ದರು. ಪೇಪರು ಹುಡುಕಿದರೋ ಏನೋ, ಸಿಗಲಿಲ್ಲ. ಆಮೇಲೆ ನನ್ನ ಸ್ಟೂಲನ್ನು ತಾವು ತೆಗೆದುಕೊಂಡು ತಾಯಿಯ ಮುಂದೆ ಕೂತರು, ಸಾಹೇಬರು ಮುಟ್ಟದೆ ಬಿಟ್ಟ ಕಪ್ಪಿನಲ್ಲಿ ಒಂದು ಕುಕಿ ಅದ್ದಿದರು. ತಲೆ ತಗ್ಗಿಸಿಯೇ ಇದ್ದರು. ಅತ್ತೆ ಅವರ ಕಡೆ ನೋಡದೆ, "ಗುಳ್ಳಿ ನಿಂತ್ವು. ತೆಗಿ" ಎಂದರು. ಸಾಹೇಬರು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಬಾಲಾನಗರದ ಬಸ್ಸು ಮಾತ್ರ ಮಾರನೆಯ ಬೆಳಿಗ್ಗೆ ಎಂದಿನಂತೆ ಬಂತು, ನಮ್ಮವರು ಎಂದಿನಂತೆ ಹತ್ತಿದರು.

ಅತ್ತೆ ಆ ಕುರ್ಚಿಯಲ್ಲಿ ಮತ್ತೂ ಹಲವು ವರ್ಷ ನಾಲ್ಕರ ಚಹಾ ಕುಡಿದರು. ನನ್ನ ಕುಕಿ ಮಾತ್ರ ಮೆತ್ತಗಾಗಲಿಲ್ಲ, ನಾನು ಮೆತ್ತಗಾಗಲು ಬಿಡಲಿಲ್ಲ. ಈಗಿನವರು ಹೇಳುತ್ತಾರೆ: ಕುಕಿ ಅಂದರೆ ಅಂಚು ಗರಿ, ನಡು ಮೆತ್ತಗೆ, ಕೈಯಲ್ಲಿ ಹಿಡಿದರೆ ಬಾಗಬೇಕು. ಬಾಗುವ ತಿನಿಸು ಚಹಾದಲ್ಲಿ ಎಷ್ಟು ಹೊತ್ತು ನಿಂತೀತು? ಅದ್ದಿದರೆ ತಳ ಸೇರುತ್ತದೆ, ಚಮಚದಲ್ಲಿ ಗೋರಬೇಕು. ಅದ್ದಬಾರದು ಎಂಬ ನೇಮ ಹುಟ್ಟಿದ್ದು ಮರ್ಯಾದೆಯಿಂದಲ್ಲ, ಹೀಗೆ ಕೈಲಾಗದ ಕುಕಿಗಳಿಂದಲೇ ಎಂದು ನನ್ನ ಗುಮಾನಿ. ನನ್ನ ಬಾಯಲ್ಲೂ ಈಗ ಹಿಂದಿನ ಹಲ್ಲುಗಳು ಒಂದೊಂದಾಗಿ ರಜೆ ಹಾಕುತ್ತಿವೆ. ಇನ್ನು ಅದ್ದದೆ ಏನು ಮಾಡಲಿ ಹೇಳಿ?

ಬೆಣ್ಣೆಯನ್ನು ಮತ್ತೆ ಫ್ರಿಜ್ಜಿಗಿಟ್ಟೆ. ಓವನ್ನಿನ ಮೇಲೆ ಬಟ್ಟೆ ಮುಚ್ಚಿದೆ. ಅಟ್ಟದಿಂದ ಹಳೆಯ ಕುಕ್ಕರು ಇಳಿಸಿ ಉಪ್ಪು ಹರವಿದೆ, ಅಡಕೊತ್ತಿನ ತುಕ್ಕನ್ನು ಹುಣಿಸೆಹುಳಿಯಿಂದ ತಿಕ್ಕಿ ಕಟ್ ಕಟ್ ಎಂದು ಚಾಕಲೇಟು ಕತ್ತರಿಸಿದೆ. ಸದ್ದು ಕೇಳಿ ನಮ್ಮವರು ಹೊರಗಿನಿಂದ, "ಗಟ್ಟಿ ಮಾಡು ಮತ್ತ, ಮೆತ್ತನ್ನವು ನಾ ತಿನ್ನೂದಿಲ್ಲ" ಎಂದು ಕೂಗಿದರು. ಮನುಷ್ಯ ಕಲಿಯುತ್ತಾನೆ, ಸ್ವಲ್ಪ ತಡವಾಗುತ್ತದೆ.

ಡಬ್ಬಿ ತುಂಬಿದ ಮೇಲೆ ವೀಣಾಳಿಗೆ ಫೋನು ಮಾಡಿದೆ. "ಗಟ್ಟಿ ಮಾಡೀನಿ. ಎಲ್ಲಾರ ಮುಂದನ ಅದ್ದಾಕಿ ನಾನು. ಒಳಗ ಕೊಡೂದಿದ್ರ ಈಗ ಹೇಳು, ಡಬ್ಬಿ ಸಮೇತ ಇಲ್ಲೇ ಇರತೀನಿ."

ಫೋನು ಕಟ್ಟಾಯಿತೇನೋ ಎಂದು ಹಲೋ ಹಲೋ ಎಂದೆ.

"ಅಮ್ಮಾ," ಎಂದಳು, ದನಿ ಸಣ್ಣದಾಗಿತ್ತು. "ಒಳಗ ಕೊಡತೀನಿ ಅಂದ್ನೇನ ನಾನು?"

"ಅಂದಿ."

ಮೂಗೇರಿಸಿದ ಸದ್ದು ಕೇಳಿಸಿತು. ಆಮೇಲೆ, "ನಾಳೆ ಗಾಡಿ ಕಳಸತೀನಿ. ಅದರಾಗ ಅಜ್ಜಿ ಕುರ್ಚಿ ಹಿಡಸತೈತೇನಮ್ಮಾ?" ಎಂದಳು.

ಹಿಡಿಸುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬೆತ್ತದ ಕುರ್ಚಿ ಒರೆಸಿ ಬಾಗಿಲ ಬಳಿ ತಂದಿಟ್ಟಿದ್ದೇನೆ. ಗಾಡಿಯಲ್ಲಿ ಹಿಡಿಸದಿದ್ದರೆ ತಲೆಯ ಮೇಲೆ ಹೊತ್ತಾದರೂ ಒಯ್ಯುತ್ತೇನೆ.